ಸಹಾಯ ಬೇಕು: ಟೈಪಿಂಗ್ ವೇಗ 45 ಪದಕ್ಕೇ ನಿಂತಿದೆ

ಎಲ್ಲರಿಗೂ ನಮಸ್ಕಾರ. ಕೀಬೋರ್ಡ್ ನೋಡದೆ, ಎಲ್ಲ ಬೆರಳು ಬಳಸಿ ಇಂಗ್ಲಿಷ್ ಟೈಪ್ ಮಾಡುವ ಅಭ್ಯಾಸ ನಡೀತಿದೆ. ಕ್ವರ್ಟಿ (ಮಾಮೂಲಿ ಇಂಗ್ಲಿಷ್ ಅಕ್ಷರ ಜೋಡಣೆಯ) ಕೀಬೋರ್ಡ್. ನಿಮಿಷಕ್ಕೆ 45 ಪದ (5 ಕೀ ಒತ್ತಿದರೆ ಒಂದು ಪದ ಅನ್ನೋ ಲೆಕ್ಕ), ನಿಖರತೆ 93%.

ಎಡವೋದು ಎಲ್ಲಿ ಅಂತ ಗುರುತಿಸಿದ್ದೇನೆ. ಒಂದೇ ಬೆರಳು ಮೇಲಿನ ಸಾಲಿಂದ ಕೆಳಗಿನ ಸಾಲಿಗೆ ಹಾರಬೇಕಾದ ಜೋಡಿಗಳು: ಎಡ ನಡುಬೆರಳಿಗೆ ಇ-ಸಿ, ಬಲ ತೋರುಬೆರಳಿಗೆ ಯು-ಎನ್. ಇನ್ನೊಂದು, ಬಿ ಒತ್ತಿದ ಮೇಲೆ ಎಡಗೈ ಎಫ್ ಕೀ ಮೇಲಿನ ಉಬ್ಬಿಗೆ (ತೋರುಬೆರಳಿನ ಮೂಲ ಜಾಗದ ಗುರುತು) ಸರಿಯಾಗಿ ಮರಳೋದಿಲ್ಲ. ಮುಂದಿನ ಪದದಲ್ಲಿ ಎಡಗೈಯ ಅಕ್ಷರಗಳೆಲ್ಲ ಒಂದು ಕೀ ಪಕ್ಕಕ್ಕೆ ಸರಿದಿರುತ್ತವೆ. ತಪ್ಪು ಅಳಿಸಿ ಮತ್ತೆ ಒತ್ತೋದಕ್ಕೆ ಕನಿಷ್ಠ ಎರಡು ಕೀ ಹೆಚ್ಚು, ಲಯವೂ ಕೆಡುತ್ತೆ.

ಈಗ ದಿನಕ್ಕೆ 20 ನಿಮಿಷ: 10 ನಿಮಿಷ ಈ ಜೋಡಿಗಳಿರುವ ಪದಗಳು, ಉಳಿದದ್ದು ಮಾಮೂಲಿ ಗದ್ಯ.

ಪಳಗಿದವರು ದಯವಿಟ್ಟು ಹೇಳಿ: ನಿಖರತೆ 98% ಆಗುವ ತನಕ ವೇಗವನ್ನು 35ಕ್ಕೆ ಇಳಿಸಬೇಕಾ, ಅಥವಾ ನಡುನಡುವೆ ಒಂದೊಂದು ನಿಮಿಷ ತಪ್ಪಾದರೂ ಸರಿ ಅಂತ 55ಕ್ಕೆ ಓಡಿಸಬೇಕಾ? ಅಭ್ಯಾಸದಲ್ಲಿ ಬ್ಯಾಕ್‌ಸ್ಪೇಸ್ ಪೂರ್ತಿ ಬಿಟ್ಟರೆ ಒಳ್ಳೆಯದಾ? ಆ್ಯಪ್ ಹೆಸರು ಬೇಡ, ಅಭ್ಯಾಸದ ಕ್ರಮ ಬೇಕು.