ಅಪಾರ್ಟ್‌ಮೆಂಟಿನ ಎ.ಸಿ. ಮತ್ತು ಗೀಸರ್‌ಗಳಿಂದಾಗುವ ಇಂಗಾಲ ಹೊರಸೂಸುವಿಕೆ: ಮೊದಲು ಯಾವುದಕ್ಕೆ ಕೈಹಾಕಬೇಕು?

ಪ್ರಶ್ನೆ: ನಿವಾಸಿಗಳ ಸಂಘದ ಕಾರ್ಯದರ್ಶಿ, ಜೆ.ಪಿ. ನಗರ

ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿಗೆ ಹದಿನೈದು ವರ್ಷವಾಗಿದ್ದು, 48 ಮನೆಗಳಿವೆ. ಸೋಲಾರ್ ಬಿಸಿನೀರು ಮೇಲಿನ ಎರಡು ಅಂತಸ್ತುಗಳಿಗಷ್ಟೇ ಬರುತ್ತದೆ. ಉಳಿದವರೆಲ್ಲ ಗೀಸರನ್ನೇ ನಂಬಿದ್ದೇವೆ. ಕಳೆದ ಕೆಲವು ಬೇಸಿಗೆಗಳಿಂದ ಎ.ಸಿ. ಹಾಕಿಸಿಕೊಂಡ ಮನೆಗಳೂ ಹೆಚ್ಚಿವೆ. ಹಳೆಯ ಎ.ಸಿ. ತೆಗೆದು ಫೈವ್ ಸ್ಟಾರ್ ಕೊಳ್ಳುವವರಿಗೆ ಸಂಘದ ನಿಧಿಯಿಂದ ನೆರವು ಕೊಡೋಣವೆಂಬ ಸಲಹೆ ಸಭೆಯಲ್ಲಿ ಬಂದಿದೆ. ಬಿಲ್ಲು ಇಳಿಯುವುದು ಒಳ್ಳೆಯದೇ. ಆದರೆ ಇರುವ ಅಲ್ಪ ಹಣದಲ್ಲಿ ಇಂಗಾಲದ ಹೊರೆಯನ್ನು ಅತಿ ಹೆಚ್ಚು ತಗ್ಗಿಸುವ ಕೆಲಸ ಯಾವುದು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಮೆಕ್ಯಾನಿಕಲ್ ಎಂಜಿನಿಯರ್, ಮಲ್ಲೇಶ್ವರ

ನಮ್ಮೂರಿನಲ್ಲಿ ಎ.ಸಿ. ಓಡುವುದು ವರ್ಷಕ್ಕೆ ಮೂರು ತಿಂಗಳು, ಗೀಸರ್ ಓಡುವುದು ಹನ್ನೆರಡು ತಿಂಗಳು. ನಾಲ್ಕು ಜನರ ಮನೆಯಲ್ಲಿ ತಲೆಗೆ 50 ಲೀಟರಿನಂತೆ 24 ಡಿಗ್ರಿಯ ನೀರನ್ನು 40 ಡಿಗ್ರಿಗೆ ಕಾಯಿಸಲು ದಿನಕ್ಕೆ ಸುಮಾರು 3.7 ಯೂನಿಟ್, ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ 1,350 ಯೂನಿಟ್ ಬೇಕು. ಬೇಸಿಗೆಯ 90 ದಿನ, ದಿನಕ್ಕೆ ಆರು ಗಂಟೆ, ಗಂಟೆಗೊಂದು ಯೂನಿಟ್ ಎಂದುಕೊಂಡರೂ ಎ.ಸಿ.ಗೆ ಆಗುವುದು 540 ಯೂನಿಟ್. ದೇಶದ ವಿದ್ಯುತ್ ಜಾಲದಲ್ಲಿ ಯೂನಿಟ್ಟಿಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ನಿಮ್ಮ ದೊಡ್ಡ ಹೊರೆ ಮಲಗುವ ಕೋಣೆಯಲ್ಲಲ್ಲ, ಬಚ್ಚಲುಮನೆಯಲ್ಲಿದೆ.

ಫೈವ್ ಸ್ಟಾರ್ ಗೀಸರ್ ತಂದರೂ ಇದು ಬಗೆಹರಿಯುವುದಿಲ್ಲ. ಗೀಸರಿನ ಸ್ಟಾರ್‌ಗಳು ಸುಮ್ಮನೆ ನಿಂತ ಬಿಸಿನೀರು ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬುದನ್ನಷ್ಟೇ ಹೇಳುತ್ತವೆ; ಒಂದು ಯೂನಿಟ್ ಶಾಖಕ್ಕೆ ಒಂದು ಯೂನಿಟ್ ವಿದ್ಯುತ್ತನ್ನು ಯಾವ ಗೀಸರಾದರೂ ತೆಗೆದುಕೊಳ್ಳಲೇಬೇಕು. ಹೀಟ್ ಪಂಪ್ ಹಾಗಲ್ಲ. ಅದು ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ತುಂಬುವುದರಿಂದ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತದೆ, ಮತ್ತು ಡಿಸೆಂಬರಿನ ರಾತ್ರಿಯಲ್ಲೂ 15 ಡಿಗ್ರಿಯ ಆಸುಪಾಸಿನಲ್ಲೇ ಇರುವ ನಮ್ಮ ಹವೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಅದನ್ನು ಮಧ್ಯಾಹ್ನ ಓಡಿಸಿ ಟ್ಯಾಂಕಿನಲ್ಲಿ ನೀರು ಕಾಯಿಸಿಟ್ಟರೆ ಸೌರವಿದ್ಯುತ್ ಜಾಲಕ್ಕೆ ಹೆಚ್ಚು ಹರಿಯುವ ಹೊತ್ತನ್ನೂ ಬಳಸಿಕೊಂಡಂತಾಗುತ್ತದೆ. ನಿಧಿಯ ಹಣವನ್ನು ನಾನಾದರೆ ಇದಕ್ಕೇ ಹಾಕುತ್ತಿದ್ದೆ.

ಉತ್ತರ 2: ಎ.ಸಿ. ಸರ್ವಿಸ್ ಅಂಗಡಿ, ರಾಜಾಜಿನಗರ

ಎಂಜಿನಿಯರ್ ಸಾಹೇಬರ ಲೆಕ್ಕ ಸರಿಯಾಗಿದೆ. ಆದರೆ ಎ.ಸಿ.ಯ ಹೊರೆ ಕರೆಂಟಿನ ಮೀಟರಿನಲ್ಲಿ ಪೂರ್ತಿ ಕಾಣುವುದಿಲ್ಲ ಎಂಬುದನ್ನು ಸೇರಿಸಬೇಕೆನಿಸಿತು. ಹಲವು ಎ.ಸಿ.ಗಳಲ್ಲಿ ತಂಪು ಮಾಡಲು ತುಂಬಿರುವ ಆರ್-410ಎ ಗ್ಯಾಸು ಒಂದು ಕಿಲೋ ಸೋರಿದರೆ, ನೂರು ವರ್ಷದ ಲೆಕ್ಕದಲ್ಲಿ, ಸುಮಾರು 2,088 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಮೇಲಿನ ಲೆಕ್ಕದಂತೆಯೇ ನೋಡಿದರೆ ಇದು ಐದು ಬೇಸಿಗೆಗಳ ಕರೆಂಟಿಗಿಂತ ಹೆಚ್ಚು. ಆರ್-32 ಎಂಬ ಇನ್ನೊಂದು ಎ.ಸಿ. ಗ್ಯಾಸಿಗೆ ಆ ಸಂಖ್ಯೆ 675.

“ಗ್ಯಾಸ್ ಖಾಲಿಯಾಗಿದೆ, ತುಂಬಿಸಿ” ಎಂದು ಪ್ರತಿ ಬೇಸಿಗೆಯಲ್ಲೂ ಕರೆ ಬರುತ್ತದೆ. ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕಿ ಮುಚ್ಚದೆ ಮತ್ತೆ ತುಂಬಿಸಿದರೆ ಅದೂ ಗಾಳಿಗೇ ಹೋಗುತ್ತದೆ. ಸೋಪಿನ ನೊರೆ ಹಚ್ಚಿ ಪೈಪು ಕೂಡುವಲ್ಲಿನ ಫ್ಲೇರ್ ನಟ್‌ಗಳನ್ನು ನೋಡಬೇಕು, ನೈಟ್ರೋಜನ್ ಒತ್ತಡದಲ್ಲಿ ಪರೀಕ್ಷಿಸಬೇಕು, ಪೈಪಿನೊಳಗಿನ ಗಾಳಿಯನ್ನೆಲ್ಲ ಎಳೆದು ವ್ಯಾಕ್ಯೂಮ್ ಮಾಡಿ ಆಮೇಲೆ ತುಂಬಿಸಬೇಕು. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸವಲ್ಲ ಇದು. ನಮ್ಮೂರಿನಲ್ಲಿ ಬಾಡಿಗೆಯವರು ಮನೆ ಬದಲಿಸುವಾಗ ಪೈಪು ಬಿಚ್ಚಿ ಗ್ಯಾಸನ್ನು ಬಿಟ್ಟುಬಿಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಅದನ್ನು ಹೊರಗಿನ ಯೂನಿಟ್ಟಿಗೆ ಎಳೆದು ವಾಲ್ವ್ ಮುಚ್ಚಲು ಕೆಲವೇ ನಿಮಿಷ ಸಾಕು. ಇವನ್ನು ಕಡಿಮೆ ಮಾಡುವ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದ್ದು, ಇಂಥ ಗ್ಯಾಸುಗಳ ಬಳಕೆ 2032ರಿಂದ ಇಲ್ಲಿ ಹಂತಹಂತವಾಗಿ ಇಳಿಯಬೇಕಿದೆ. ಗೋಡೆಯ ಮೇಲಿನ ಎ.ಸಿ.ಗಳಲ್ಲಿ ಈಗಾಗಲೇ ಇರುವ ಗ್ಯಾಸನ್ನು ಸೋರದಂತೆ ಕಾಯಬೇಕಾದವರು ನಾವೇ.

ಉತ್ತರ 3: ವಾಸ್ತುಶಿಲ್ಪಿ, ಬಸವನಗುಡಿ

ಮೇಲಂತಸ್ತಿನವರಿಗೊಂದು ಮಾತು. ತಾರಸಿಗೆ ಬಿಳಿ ಸುಣ್ಣವನ್ನೋ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣವನ್ನೋ ಬಳಿಸಿ, ಪಶ್ಚಿಮದ ಕಿಟಕಿಗಳಿಗೆ ಹೊರಗಿನಿಂದಲೇ ನೆರಳು ಕೊಟ್ಟು, ರಾತ್ರಿ ಸೊಳ್ಳೆಜಾಲರಿಯ ಹಿಂದೆ ಕಿಟಕಿ ತೆರೆದಿಟ್ಟರೆ ಏಪ್ರಿಲಿನಲ್ಲೂ ಎ.ಸಿ. ಓಡುವ ಗಂಟೆಗಳು ಕಡಿಮೆಯಾಗುತ್ತವೆ. ಪರದೆ ಒಳಗಿದ್ದರೆ ಶಾಖ ಆಗಲೇ ಗಾಜು ದಾಟಿ ಬಂದಿರುತ್ತದೆ.

ಕಾರ್ಯದರ್ಶಿ

ಎಲ್ಲರಿಗೂ ಕೃತಜ್ಞತೆಗಳು. ಹೀಟ್ ಪಂಪಿನ ಟ್ಯಾಂಕನ್ನು ತಾರಸಿಯ ಮೇಲೆ ಎಲ್ಲಿ ಬೇಕಾದರೂ ಇಡಬಹುದೇ? ನಮ್ಮದು ಬೋರ್‌ವೆಲ್ ನೀರು ಎಂಬುದನ್ನೂ ಹೇಳಬೇಕಿತ್ತು.

ಉತ್ತರ 1ರವರಿಂದ

ಇಡಬಾರದು. 2,000 ಲೀಟರ್ ನೀರೆಂದರೆ ಎರಡು ಟನ್ ಭಾರ. ಸ್ಟ್ರಕ್ಚರಲ್ ಎಂಜಿನಿಯರರಿಗೆ ತೋರಿಸಿ, ಕಂಬ ಮತ್ತು ತೊಲೆಗಳ ಮೇಲೆಯೇ ಕೂರಿಸಿ. ಫ್ಯಾನಿನ ಸದ್ದು ಮಲಗುವ ಕೋಣೆಯ ನೆತ್ತಿಯ ಮೇಲೆ ಬರದಿರಲಿ. ಬೋರ್‌ವೆಲ್ ನೀರಾದ್ದರಿಂದ, ನೀರಿನ ಗಡಸುತನ ತೆಗೆಯುವ ಸಾಫ್ಟನರ್ ಇಲ್ಲದೆ ಹೀಟ್ ಪಂಪ್ ಹಾಕಿಸಬೇಡಿ, ಸುಣ್ಣದ ಪದರ ಕಟ್ಟಿದಂತೆಲ್ಲ ಮೂರು ಯೂನಿಟ್ ಶಾಖದ ಆ ಲೆಕ್ಕ ಕೆಳಗಿಳಿಯುತ್ತ ಹೋಗುತ್ತದೆ. ಟ್ಯಾಂಕಿನಿಂದ ಕೆಳ ಅಂತಸ್ತುಗಳಿಗೆ ಇಳಿಯುವ ಪೈಪುಗಳಿಗೆಲ್ಲ ಶಾಖನಿರೋಧಕ ಹೊದಿಕೆ ಸುತ್ತಿಸಿ; ನಲ್ಲಿಯಲ್ಲಿ ಬಿಸಿನೀರು ಬರಲು ತಡವಾದರೆ ಜನ ಮತ್ತೆ ಗೀಸರಿನ ಸ್ವಿಚ್ಚಿಗೇ ಕೈಹಾಕುತ್ತಾರೆ.