ಮಿಕ್ಕ ಪ್ಲಾಸ್ಟಿಕ್ ಪೈಪನ್ನು ಕಂಪ್ರೆಸರ್ ಗಾಳಿಯ ಲೈನಿಗೆ ಬಳಸಬಹುದೇ?

ಪ್ರಶ್ನೆ:
ಕಾರ್ಯಾಗಾರದ ಒಂದು ಮೂಲೆಯಲ್ಲಿ ಕಂಪ್ರೆಸರ್, ಇನ್ನೊಂದು ತುದಿಯಲ್ಲಿ ಕೆಲಸದ ಮೇಜು ಇರುವುದರಿಂದ ಗೋಡೆಯುದ್ದಕ್ಕೂ ಗಾಳಿಯ ಲೈನ್ ಎಳೆಯಬೇಕಾಗಿದೆ. ನೀರಿನ ಕೆಲಸದಲ್ಲಿ ಮಿಕ್ಕ ಪಿವಿಸಿ ಪೈಪುಗಳೂ ಹಳೆಯ ಯಂತ್ರದಿಂದ ಬಿಚ್ಚಿದ ನೀಲಿ ಟ್ಯೂಬಿನ ಒಂದು ಸುರುಳಿಯೂ ನನ್ನ ಬಳಿ ಇವೆ. ಗಾಳಿಯ ಒತ್ತಡ 8 ಬಾರ್ (ಒತ್ತಡದ ಅಳತೆ) ಮುಟ್ಟಿದಾಗ ಕಂಪ್ರೆಸರ್ ನಿಲ್ಲುತ್ತದೆ, ಪಿವಿಸಿಯ ಮೇಲೆ 10 ಬಾರ್ ಎಂದು ಮುದ್ರಿಸಿದೆ. ಇಷ್ಟು ಸಾಲದೇ?

ಉತ್ತರ 1:
ಸಾಲದು. ಪಿವಿಸಿಯನ್ನು ದಯವಿಟ್ಟು ಬಳಸಬೇಡಿ. ಆ 10 ಬಾರ್ ಎಂಬುದು ತಣ್ಣನೆಯ ನೀರಿಗೆ ಹೇಳಿದ ಮಿತಿ. ನೀರು ಒತ್ತಡಕ್ಕೆ ಹೆಚ್ಚೇನೂ ಕುಗ್ಗದ ಕಾರಣ ಪೈಪ್ ಸೀಳಿದೊಡನೆ ಒತ್ತಡ ಇಳಿದುಹೋಗುತ್ತದೆ. ಗಾಳಿಯಾದರೋ ಅದುಮಿಟ್ಟ ಸ್ಪ್ರಿಂಗಿನಂತೆ ಶಕ್ತಿಯನ್ನು ಹಿಡಿದಿಟ್ಟಿರುತ್ತದೆ, ಪೈಪ್ ಒಡೆದಾಗ ಆ ಶಕ್ತಿಯೇ ಚೂಪಾದ ಚೂರುಗಳನ್ನು ಸುತ್ತಲೂ ಎಸೆಯುತ್ತದೆ. ಕಂಪ್ರೆಸರಿನಿಂದ ಬರುವ ಗಾಳಿ ಬಿಸಿಯಾಗಿರುತ್ತದೆಂಬುದನ್ನೂ ಗಮನಿಸಿ: 43 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿವಿಸಿಯ ತಾಳಿಕೆ ಸುಮಾರು ಅರ್ಧಕ್ಕೆ, 60 ಡಿಗ್ರಿಯಲ್ಲಿ ಕಾಲು ಭಾಗಕ್ಕಿಂತಲೂ ಕೆಳಗೆ ಇಳಿಯುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಲೈನ್ ಕೂಡ ಸ್ಪ್ಯಾನರ್ ತಗುಲಿದ ಒಂದೇ ಏಟಿಗೆ ಸಿಡಿಯಬಹುದು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯಾದ ಓಶಾ ಇದರ ಬಗ್ಗೆ 1988ರಲ್ಲೇ ಎಚ್ಚರಿಕೆ ನೀಡಿದೆ.

ಉತ್ತರ 2:
ನೀಲಿ ಟ್ಯೂಬಿನ ಮಾತು ಬೇರೆ. ಯಂತ್ರಗಳ ಗಾಳಿ ಸಂಪರ್ಕಕ್ಕೆ ಸಾಮಾನ್ಯವಾಗಿ ಪಾಲಿಯುರೆಥೇನ್ ಅಥವಾ ನೈಲಾನ್ ಟ್ಯೂಬನ್ನೇ ಬಳಸುತ್ತಾರೆ. ಅವು ಗಾಜಿನ ಹಾಗೆ ಚೂರಾಗುವುದಿಲ್ಲ. ಆದರೆ ಬಣ್ಣ ನೋಡಿ ತೀರ್ಮಾನಿಸದೆ, ಅದರ ಮೇಲಿನ ಅಕ್ಷರಗಳನ್ನು ಓದಿ. ಓದಲಾಗದ ಟ್ಯೂಬನ್ನು, ಅದು ಎಷ್ಟೇ ಚೆನ್ನಾಗಿ ಕಂಡರೂ, ಒತ್ತಡದ ಕೆಲಸಕ್ಕೆ ಹಚ್ಚಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಪಾಲಿಯುರೆಥೇನ್, 8×5, 10 ಬಾರ್ ಎಂದು ಸ್ಪಷ್ಟವಾಗಿದೆ. ಇಡೀ ಲೈನನ್ನು ಇದರಲ್ಲೇ ಮುಗಿಸಬಹುದೇ?

ಉತ್ತರ 2:
ಒಳವ್ಯಾಸ 5 ಮಿಲಿಮೀಟರ್ ಮಾತ್ರ. ಧೂಳು ಊದುವ ಗನ್ನಿಗೆ ಅಷ್ಟು ಸಾಕಾದರೂ, ನಟ್ಟು ಬಿಚ್ಚುವ ಇಂಪ್ಯಾಕ್ಟ್ ರೆಂಚ್ ಅಥವಾ ಬಣ್ಣದ ಗನ್ನಿಗೆ ಅಷ್ಟು ದೂರದಿಂದ ಬೇಕಾದಷ್ಟು ಗಾಳಿ ತಲುಪದು. ಮುಖ್ಯ ಲೈನಿಗೆ ತಾಮ್ರ, ಅಲ್ಯೂಮಿನಿಯಂ ಅಥವಾ ಗಾಳಿಗೆಂದೇ ತಯಾರಿಸಿದ ಪೈಪನ್ನು ಹಾಕಿ, ಮೇಜಿನ ಬಳಿಯ ಕೊನೆಯ ತುಂಡಿಗೆ ನಿಮ್ಮ ಟ್ಯೂಬನ್ನು ಬಳಸಿ. ಟ್ಯೂಬನ್ನು ಒತ್ತಿ ಸಿಕ್ಕಿಸುವ ಪುಶ್ ಫಿಟ್ಟಿಂಗಿನ ಹಲ್ಲುಗಳು ಹಳೆಯ ತುದಿಯನ್ನು ಗೀರಿರುತ್ತವೆ. ಆ ಭಾಗವನ್ನು ನೇರವಾಗಿ ಕತ್ತರಿಸಿ ತೆಗೆಯದಿದ್ದರೆ ಗಾಳಿ ಸೋರುತ್ತದೆ.

ಉತ್ತರ 1:
ಮುಖ್ಯ ಲೈನಿಗೆ ನೂರಕ್ಕೆ ಒಂದರಷ್ಟು ಇಳಿಜಾರು ಕೊಟ್ಟು, ಗಾಳಿಯ ತೇವದಿಂದ ಸೇರುವ ನೀರನ್ನು ಹೊರಬಿಡಲು ತಗ್ಗಿನ ತುದಿಯಲ್ಲಿ ಡ್ರೈನ್ ವಾಲ್ವ್ ಇಡಿ. ಕವಲುಗಳನ್ನು ಪೈಪಿನ ಮೇಲ್ಭಾಗದಿಂದ ತೆಗೆದರೆ ತೇವವು ಉಪಕರಣಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಕಂಪ್ರೆಸರಿನ ನಡುಕ ಲೈನಿಗೆ ಹರಡದಂತೆ ಅವೆರಡರ ನಡುವೆ ಬಿಸಿ ತಾಳುವ ರಬ್ಬರ್ ಹೋಸ್ ಇರಲಿ.