2 ಜಿಬಿ ರ‍್ಯಾಮ್, ಗ್ನೋಮ್ ತೆವಳ್ತಿದೆ: ಫಾರ್ಮ್ಯಾಟ್ ಮಾಡದೆ ಡೆಸ್ಕ್‌ಟಾಪ್ ಬದಲಿಸೋದು ಹೇಗೆ?

ದಾವಣಗೆರೆ_ಡಿಟಿಪಿ:
ಜೆರಾಕ್ಸ್ ಅಂಗಡಿಯ ಮೂರು ಹಳೇ ಪಿಸಿ. ಡ್ಯುಯಲ್ ಕೋರ್, 2 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್. ಡೆಬಿಯನ್ 12 ಲಿನಕ್ಸ್, ಡೆಸ್ಕ್‌ಟಾಪ್ ಗ್ನೋಮ್. ಬ್ರೌಸರ್ ಜೊತೆ ಲಿಬ್ರೆಆಫೀಸ್ ತೆರೆದರೆ ಮೌಸೇ ನಿಂತುಬಿಡುತ್ತೆ. ಟೈಪ್ ಮಾಡೋರಿಗೆ ನುಡಿ ಕೀಲಿಮಣೆ ಬಿಟ್ಟು ಬೇರೆ ಬರಲ್ಲ, ಅದು ಇರಲೇಬೇಕು.

ಕೋಟೆಯೂರವ, ಚಿತ್ರದುರ್ಗ:
ಎಕ್ಸ್‌ಎಫ್‌ಸಿಇ ಹಾಕ್ರಿ, ಗ್ನೋಮ್‌ಗಿಂತ ಹಗುರವಾದ ಡೆಸ್ಕ್‌ಟಾಪ್. ಟರ್ಮಿನಲ್‌ನಲ್ಲಿ ಸುಡೋ (ಅಡ್ಮಿನ್ ಅಧಿಕಾರ) ಕೊಟ್ಟು ಟಾಸ್ಕ್‌ಸೆಲ್ ಅನ್ನೋ ಆಯ್ಕೆ ಪಟ್ಟಿ ತೆರೀರಿ, ಎಕ್ಸ್‌ಎಫ್‌ಸಿಇ ಮೇಲೆ ಸ್ಪೇಸ್ ಒತ್ತಿ ಗುರುತು ಹಾಕಿ, ಟ್ಯಾಬ್, ಎಂಟರ್. ಮೊದಲೇ ಇರೋ ಗುರುತು ಮಾತ್ರ ಮುಟ್ಟಬೇಡ್ರಿ; ತೆಗೆದರೆ ಆ ಪ್ಯಾಕೇಜುಗಳನ್ನೂ ಕಿತ್ತುಹಾಕುತ್ತೆ.

ನಡುವೆ ಡಿಸ್‌ಪ್ಲೇ ಮ್ಯಾನೇಜರ್ (ಲಾಗಿನ್ ಪರದೆ ತೋರಿಸೋ ಪ್ರೋಗ್ರಾಮ್) ಯಾವುದು ಅಂತ ಕೇಳುತ್ತೆ. ಇಲ್ಲೇ ಬಹಳ ಮಂದಿ ಎಡವೋದು. ಜಿಡಿಎಂ3 ಹಾಗೇ ಬಿಟ್ಟರೆ ಲಾಗಿನ್ ಪರದೆಗೇ ಗ್ನೋಮ್ ಶೆಲ್ ಎದ್ದು ಕೂರುತ್ತೆ. ಲೈಟ್‌ಡಿಎಂ ಆರಿಸ್ರಿ. ರೀಬೂಟ್ ಆದಮೇಲೆ ಲಾಗಿನ್ ಪರದೆಯ ಬಲ ಮೇಲ್ತುದಿಯ ಚಿಹ್ನೆ ಒತ್ತಿ ಎಕ್ಸ್‌ಎಫ್‌ಸಿಇ ಸೆಷನ್ ಆರಿಸಿ ಒಳಗೆ ಹೋಗಿ.

ಹಗುರಪ್ರಿಯ:
ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಇನ್ನೂ ಹಗುರ ಅಲ್ವಾ?

ಕೋಟೆಯೂರವ, ಚಿತ್ರದುರ್ಗ:
ಖಾಲಿ ಕೂತಾಗ ಹೌದು. ಆದರೆ ಅದು ಕ್ಯೂಟಿ (ಕಿಟಕಿ, ಬಟನ್ ಬಿಡಿಸೋ ಲೈಬ್ರರಿ) ಮೇಲೆ ನಿಂತಿದೆ, ಫೈರ್‌ಫಾಕ್ಸ್ ಜಿಟಿಕೆ ಬಳಸುತ್ತೆ. ಎರಡೂ ಲೈಬ್ರರಿ ಮೆಮೊರಿಗೆ ಬಂದ ಮೇಲೆ ಉಳಿತಾಯ ಎಲ್ಲಿ? ಅಸಲಿ ಹೊರೆ ಬ್ರೌಸರ್ ಟ್ಯಾಬ್‌ಗಳದ್ದು, ಡೆಸ್ಕ್‌ಟಾಪ್ ಬದಲಿಸಿದ್ದಕ್ಕೆ ಅದು ಕಮ್ಮಿ ಆಗಲ್ಲ. ಝಡ್‌ರ‍್ಯಾಮ್ ಟೂಲ್ಸ್ ಪ್ಯಾಕೇಜ್ ಹಾಕಿ ಅದರ ಸೆಟ್ಟಿಂಗ್ ಫೈಲಿನಲ್ಲಿ ಪರ್ಸೆಂಟ್ 50 ಅಂತ ಬರೀರಿ: 1 ಜಿಬಿಯಷ್ಟು ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕಿಗೆ ಹೋಗೋ ಡೇಟಾ) ರ‍್ಯಾಮಿನಲ್ಲೇ ಕುಗ್ಗಿಸಿ ಇಡುತ್ತೆ, ಹಾರ್ಡ್ ಡಿಸ್ಕ್ ಕರಕರ ಅನ್ನೋದು ತಗ್ಗುತ್ತೆ. ದುಡ್ಡು ಹಾಕೋದಾದರೆ ಮೊದಲು 2.5 ಇಂಚಿನ ಸಾಟಾ ಎಸ್‌ಎಸ್‌ಡಿಗೆ ಹಾಕ್ರಿ.

ಅಕ್ಷರಮಣೆ:
ಕನ್ನಡದ ವಿಷಯ. ಗ್ನೋಮ್‌ನಲ್ಲಿ ಐಬಸ್ (ಬೇರೆ ಬೇರೆ ಭಾಷೆಯ ಕೀಲಿಮಣೆ ನಡೆಸೋ ಪ್ರೋಗ್ರಾಮ್) ತಾನೇ ಶುರುವಾಗುತ್ತೆ, ಎಕ್ಸ್‌ಎಫ್‌ಸಿಇಯಲ್ಲಿ ಹಾಗಲ್ಲ. ಐಬಸ್-ಎಂ17ಎನ್ ಹಾಕಿ, ಐಎಂ-ಕಾನ್ಫಿಗ್ ಓಡಿಸಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದಡಿ ಕೆಜಿಪಿ ಸೇರಿಸಿ. ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಅದೇ, ನುಡಿ ಬಲ್ಲವರಿಗೆ ಬೆರಳು ತಾನೇ ಓಡುತ್ತೆ. ಲಾಗ್‌ಔಟ್ ಬಿಟ್ಟರೆ ಒಂದು ಕಿಟಕಿಯಲ್ಲಿ ಕನ್ನಡ ಮೂಡಿ ಇನ್ನೊಂದರಲ್ಲಿ ಇಂಗ್ಲಿಷೇ ಬರುತ್ತೆ. ಗುಬ್ಬಿ, ನವಿಲು ಫಾಂಟ್ ಡೆಬಿಯನ್‌ನಲ್ಲೇ ಇವೆ.

ಈ ಕೀಲಿಮಣೆ, ಫಾಂಟ್ ಎಲ್ಲಾ ಯೂನಿಕೋಡ್ ಅನ್ನೋದು ನೆನಪಿರಲಿ. ನುಡಿಯ ಹಳೇ ಆಸ್ಕಿ (ಯೂನಿಕೋಡ್ ಅಲ್ಲದ ಹಳೇ ಸಂಕೇತದ) ಫೈಲುಗಳು ಬರೀ ಗೀಚಿದ ಹಾಗೆ ಕಾಣುತ್ತವೆ, ಪರಿವರ್ತಕದಲ್ಲಿ ಹಾಯಿಸಿ ತೆರೀಬೇಕು.

ದಾವಣಗೆರೆ_ಡಿಟಿಪಿ:
ಗ್ನೋಮ್ ಆಮೇಲೆ ತೆಗೆದುಬಿಡಬಹುದಾ?

ಕೋಟೆಯೂರವ, ಚಿತ್ರದುರ್ಗ:
ಡಿಸ್ಕಿನಲ್ಲಿ ಜಾಗ ಇದ್ದರೆ ಬಿಡ್ರಿ, ಸುಮ್ಮನೆ ಬಿದ್ದಿರುತ್ತೆ. ತೆಗೆಯೋದಾದರೆ ಆಟೋರಿಮೂವ್ (ಇನ್ನು ಬೇಡ ಅನಿಸಿದ ಪ್ಯಾಕೇಜ್ ತೆಗೆಯೋ ಆಜ್ಞೆ) ತೋರಿಸೋ ಪಟ್ಟಿ ಓದದೆ ವೈ ಒತ್ತಬೇಡ್ರಿ. ನೆಟ್‌ವರ್ಕ್ ಮ್ಯಾನೇಜರ್ ಅದರಲ್ಲಿ ಸೇರಿಕೊಂಡಿದ್ದರೆ ಮೊದಲು ಅದನ್ನ ಆಪ್ಟ್-ಮಾರ್ಕ್‌ನಿಂದ ಮ್ಯಾನ್ಯುಯಲ್ ಅಂತ ಗುರುತಿಸಿ, ಇಲ್ಲಾಂದ್ರೆ ನೆಟ್ಟೇ ಇಲ್ಲದೆ ಕೂರ್ತೀರಿ.